ತರುಣರ ಅಭಿಪ್ರಾಯವೂ ಸಮೀಕ್ಷೆಗಳ ಪ್ರಾತಿನಿಧ್ಯವೂ



ಅಧ್ಯಾಪನವನ್ನೇ ವ್ರತವಾಗಿ ನಡೆಸಿದ ಹಿರಿಯರೊಬ್ಬರ ಸ್ಮರಣೆಗೆ ಮೀಸಲಾದ ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದ ಸಮಿತಿಗೆ ನಾನು ಕೃತಜ್ಞನಾಗಿದ್ದೇನೆ. 1936ರಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಉತ್ತರಗಳನ್ನು ಕಲೆಹಾಕಿಯೂ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು ಅಮೆರಿಕದ ಅಧ್ಯಕ್ಷ ಚುನಾವಣೆಯ ಫಲವನ್ನು ತಪ್ಪಾಗಿ ನುಡಿದುದನ್ನೂ, ಸಂಖ್ಯೆಗಿಂತ ಆಯ್ಕೆಯ ಕ್ರಮವೇ ಪ್ರಧಾನವೆಂಬ ತತ್ತ್ವ ಅದರಿಂದ ದೃಢಪಟ್ಟುದನ್ನೂ ಪಠ್ಯಗ್ರಂಥಗಳು ವಿಶದವಾಗಿ ಹೇಳಿರುವುದರಿಂದ, ಅವನ್ನು ಬಿಟ್ಟು ಒಂದೇ ವಿವಾದವನ್ನು ಎತ್ತಿಕೊಳ್ಳುತ್ತೇನೆ: ತರುಣರದೆಂದು ಸಮೀಕ್ಷೆಗಳು ಸಾರುವ ಅಭಿಪ್ರಾಯವು ತರುಣರದೇ ಅಹುದೆ?

2023ರ ಡಿಸೆಂಬರಿನಲ್ಲಿ ಅಮೆರಿಕದ ಅಂತರ್ಜಾಲ ಸಮೀಕ್ಷೆಯೊಂದು, ನಾಜಿಗಳು ನಡೆಸಿದ ಯೆಹೂದ್ಯರ ಹತ್ಯಾಕಾಂಡವು ಕಟ್ಟುಕಥೆಯೆಂಬ ಮಾತನ್ನು ಮೂವತ್ತರೊಳಗಿನವರಲ್ಲಿ ಶೇಕಡಾ 20 ಮಂದಿ ಒಪ್ಪುವರೆಂದು ಪ್ರಕಟಿಸಿತು. ಪ್ಯೂ ಸಂಶೋಧನಾ ಕೇಂದ್ರವು ಅದೇ ಪ್ರಶ್ನೆಯನ್ನು, ಅಂಚೆಯ ವಿಳಾಸಗಳಿಂದ ಯಾದೃಚ್ಛಿಕವಾಗಿ ಆರಿಸಿ ಕೂಡಿಸಿದ ತನ್ನ ಬಳಗದ ಮುಂದಿಟ್ಟಾಗ, ಆ ವಯಸ್ಸಿನವರಲ್ಲಿ ಒಪ್ಪಿದವರು ಶೇಕಡಾ 3 ಮಾತ್ರ. ಇದೇ ಕೇಂದ್ರವು 2022ರಲ್ಲಿ, ಇಷ್ಟಬಂದವರು ತಾವಾಗಿಯೇ ಬಂದು ಸೇರುವ ಸಮೀಕ್ಷೆಯೊಂದರಲ್ಲಿ, ಪರಮಾಣು ಜಲಾಂತರ್ಗಾಮಿಯನ್ನು ನಡೆಸುವ ಪರವಾನಗಿ ತಮಗುಂಟೆ ಎಂದು ಕೇಳಿದಾಗ, ಮೂವತ್ತರೊಳಗಿನವರೆಂದು ಹೇಳಿಕೊಂಡವರಲ್ಲಿ ಶೇಕಡಾ 12 ಮಂದಿ ಉಂಟೆಂದರು! ಅಂಥ ಪರವಾನಗಿಯುಳ್ಳವರು ನಿಜವಾಗಿ ಶೇಕಡಾ ಒಂದರ ಲೇಶವೂ ಇಲ್ಲ. ಅಲ್ಪ ಸಂಭಾವನೆಯ ಆಸೆಯಿಂದ ಪ್ರಶ್ನೆಯನ್ನು ಓದದೆಯೇ ‘ಹೌದು’ ಒತ್ತುತ್ತ ಸಾಗುವವರು ಇಂಥ ಸಮೀಕ್ಷೆಗಳಲ್ಲಿ ನುಸುಳುತ್ತಾರೆ. ಅವರಲ್ಲಿ ಅನೇಕರು ತಮ್ಮನ್ನು ತರುಣರೆಂದೇ ಬರೆದುಕೊಳ್ಳುವುದರಿಂದ, ಅವರ ಹುಸಿಯ ಕಳಂಕವೆಲ್ಲ ತಾರುಣ್ಯದ ಮೇಲೆ ಬೀಳುತ್ತದೆ.

ಜನಗಣತಿಗೆ ಹೊಂದುವಂತೆ ಉತ್ತರಗಳಿಗೆ ತೂಕ ಕೊಟ್ಟರೆ ದೋಷ ತೊಲಗುವುದೆಂದು ವಾದಿಸುವ ಪಂಡಿತರಿದ್ದಾರೆ. ಅವರ ಗಣಿತಪಾಂಡಿತ್ಯವನ್ನು ಗೌರವಿಸುತ್ತಲೇ ಕೇಳುತ್ತೇನೆ: ತರುಣರ ವೇಷದಲ್ಲಿ ಬಂದವನ ಉತ್ತರಕ್ಕೆ ಮೂರು ಪಟ್ಟು ತೂಕ ಕೊಟ್ಟರೆ, ಮೂರು ಪಟ್ಟಾಗುವುದು ಸತ್ಯವೋ, ಅವನ ಹುಸಿಯೋ? ಉತ್ತರಿಸಿದವರು ನಿಜವಾದ ತರುಣರೇ ಆಗಿದ್ದರೂ ತೊಡಕು ಉಳಿದೇ ಇರುತ್ತದೆ. ರಾಜಕೀಯದಲ್ಲಿ ಆಸಕ್ತನಾದ ಯುವಕನು ಉತ್ಸಾಹದಿಂದ ಉತ್ತರಿಸುವಾಗ ನಿರಾಸಕ್ತನಾದ ಅವನ ಗೆಳೆಯನು ಕೈಗೇ ಸಿಕ್ಕದಿರುವುದರಿಂದ, ಒಬ್ಬನ ದನಿಯೇ ಇಬ್ಬರದೂ ಎನಿಸಿಬಿಡುತ್ತದೆ. 2015ರ ಬ್ರಿಟಿಷ್ ಚುನಾವಣೆಯಲ್ಲಿ ಸಮೀಕ್ಷೆಗಳು ಎಡವಿದಾಗ, ಪ್ಯಾಟ್ರಿಕ್ ಸ್ಟರ್ಜಿಸ್ ಅವರ ಅಧ್ಯಕ್ಷತೆಯ ವಿಚಾರಣಾ ಸಮಿತಿಯು ಮಾದರಿಗಳ ಪ್ರಾತಿನಿಧ್ಯದೋಷವನ್ನೇ ಮುಖ್ಯ ಕಾರಣವೆಂದು ನಿರ್ಣಯಿಸಿತು. ತೂಕ ಕೊಡುವ ವಿಧಾನವನ್ನು ಆ ಸಮೀಕ್ಷಕರೂ ಅನುಸರಿಸಿದ್ದರೆಂಬುದನ್ನು ಮರೆಯಲಾಗದು.

ಸಾರ್ವಜನಿಕ ಅಭಿಪ್ರಾಯವೆಂಬುದೇ ಇಲ್ಲವೆಂದ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯೇರ್ ಬೂರ್ದಿಯೂ ಅವರನ್ನು ಹಿಡಿದು, ಸಮೀಕ್ಷೆಗಳನ್ನೇ ತ್ಯಜಿಸಬೇಕೆನ್ನುವವರೊಡನೆಯೂ ನಾನು ಸಹಮತನಲ್ಲ. ಪ್ರಶ್ನೆಯನ್ನು ರೂಪಿಸುವಾತನೇ ಅಭಿಪ್ರಾಯವನ್ನೂ ರೂಪಿಸಬಹುದೆಂಬ ಅವರ ಎಚ್ಚರಿಕೆ ಸಾಧುವಾದುದೇ. ಆದರೆ ಹತ್ಯಾಕಾಂಡದ ಬಗೆಗಿನ ಆ ಶೇಕಡಾ 20 ಎಂಬ ಅಂಕಿ ಸುಳ್ಳೆಂದು ತೋರಿಸಿದುದೂ ಸಮೀಕ್ಷೆಯೇ, ಶ್ರಮಪಟ್ಟು ಮಾಡಿದ ಸಮೀಕ್ಷೆ. ವಿದ್ಯಾರ್ಥಿಯ ಬಾಯಿಂದ ಉತ್ತರವನ್ನು ಕೇಳದೆ ಅವನನ್ನು ದಡ್ಡನೆನ್ನಬಾರದೆಂಬ ಅಧ್ಯಾಪಕಧರ್ಮವನ್ನು ಪಾಲಿಸಿದ ಈ ದತ್ತಿಯ ಹಿರಿಯರಿಗೆ ಸಮೀಕ್ಷೆ ಸಮೀಕ್ಷೆಗಳ ನಡುವಿನ ಈ ಭೇದವು ಸುಲಭವಾಗಿ ಹೃದ್ಗತವಾಗುತ್ತಿತ್ತು.

ನಮ್ಮಲ್ಲಿಯೂ ಸಮೀಕ್ಷೆಗಾಗಿ ಮತದಾರರ ಪಟ್ಟಿಯಿಂದ ಹೆಸರುಗಳನ್ನು ಆರಿಸುವಾಗ, ಹದಿನೆಂಟು ತುಂಬಿಯೂ ನೋಂದಣಿಯಾಗದವರು ಹೊರಗುಳಿಯುತ್ತಾರೆ. ಊರಿನ ಪಟ್ಟಿಯಲ್ಲಿ ಹೆಸರಿದ್ದು ಪರಸ್ಥಳದ ಹಾಸ್ಟೆಲಿನಲ್ಲಿ ಓದುವವರು ಮನೆಗೆ ಹೋದ ಸಮೀಕ್ಷಕನ ಕೈಗೆ ಸಿಗುವುದಿಲ್ಲ. ಆದುದರಿಂದ, ತರುಣರ ಬಗೆಗೆ ಯಾವ ಶೇಕಡಾವಾರನ್ನು ಅಚ್ಚುಮಾಡುವ ಸಂಪಾದಕನೂ ಉತ್ತರಿಸಿದವರನ್ನು ಎಲ್ಲಿ, ಹೇಗೆ ಹುಡುಕಲಾಯಿತೆಂಬುದನ್ನು ಅದರ ಪಕ್ಕದಲ್ಲಿಯೇ ಅಚ್ಚುಮಾಡತಕ್ಕದ್ದು. ಅದು ತಿಳಿಯದಿದ್ದಲ್ಲಿ ಆ ಅಂಕಿಯನ್ನು ಬಿಟ್ಟುಬಿಡುವುದೇ ಒಂದು ಪೀಳಿಗೆಗೆ ಸಲ್ಲಿಸಬೇಕಾದ ನ್ಯಾಯ.