ಬಿಳಿಕಲ್ಲಿನ ಭಾವ

ಯಳಂದೂರಿನ ಬಯಲಿನಲ್ಲಿ ನಿಂತು ಮೂಡಲ ಕಡೆಗೆ ಕಣ್ಣೆತ್ತಿ ನೋಡಿ. ಕಾಡು ಹೊದೆದ ಬೆಟ್ಟಸಾಲಿನ ಅಂಚಿನಲ್ಲಿ ಬೆಳ್ಳನೆಯ ಬಂಡೆಯೊಂದು ಗೋಡೆಯಂತೆ ನೆಟ್ಟಗೆ ನಿಂತಿದೆ. ನೆತ್ತಿಯಲ್ಲಿ ರಂಗನಾಥನ ಗುಡಿ. ಹಿಂದಿನವರು ಇದನ್ನು ಬಿಳಿಕಲ್ಲು ಎಂದರು. ಪುರಾಣಿಕರು ಅದನ್ನೇ ಶ್ವೇತಾದ್ರಿ ಎಂದು ಕರೆದರು. ಬಳಕೆಯಲ್ಲಿ ನಿಂತ ಹೆಸರು ಬಿಳಿಗಿರಿ.

ವ್ಯಾಕರಣ ಓದಿದವರು ಈ ಮೂರನೆಯ ಹೆಸರಿಗೆ ಹುಬ್ಬು ಗಂಟಿಕ್ಕುವುದುಂಟು. ‘ಬಿಳಿ’ ಅಚ್ಚಗನ್ನಡ, ‘ಗಿರಿ’ ಸಂಸ್ಕೃತ. ಎರಡನ್ನೂ ಬೆಸೆದರೆ ಅರಿಸಮಾಸ. ನಾನೂ ತರಗತಿಯಲ್ಲಿ ಹುಡುಗರಿಗೆ ಹಾಗೆಯೇ ಹೇಳುತ್ತ ಬಂದವನು. ಬೆಟ್ಟದ ಸೋಲಿಗರ ಕಥೆ ಕೇಳಿದ ಮೇಲೆ ಆ ಮಾತಿಗೆ ನಾಲಗೆ ತಡವರಿಸುತ್ತದೆ.

ಕಥೆ ಹೀಗಿದೆ. ರಂಗನಾಥನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನು. ಮನೆಯ ಹೆಣ್ಣಿನ ಕೈಹಿಡಿದವನು ಏನಾಗಬೇಕು? ಸೋಲಿಗರಿಗೆ ಅವನು ‘ರಂಗಭಾವ’. ಬಯಲಿನ ಭಕ್ತರಿಗೆ ದೇವರು, ಕಾಡಿನವರಿಗೆ ನೆಂಟ. ಈ ನೆಂಟನು ರಾತ್ರಿ ಕಾಡು ಸುತ್ತುತ್ತಾನೆ, ಕೆರ ಸವೆಯುತ್ತವೆ ಎಂದು ನಂಬಿ ಬೂದಿತಿಟ್ಟಿನವರು ಅವನಿಗೆ ದೊಡ್ಡ ಪಾದರಕ್ಷೆಗಳನ್ನು ಹೊಲಿದು ಒಪ್ಪಿಸುತ್ತಾರೆ. ವೈಯಾಕರಣರು ಒಲ್ಲದ ಸಂಬಂಧವನ್ನು ಜನ ಎಂದೋ ನಡೆಸಿಬಿಟ್ಟಿದ್ದಾರೆ, ಹೆಸರಿನಲ್ಲೂ, ಮದುವೆಯಲ್ಲೂ!

ಸೋಲಿಗರಿಗೆ ಕಲ್ಲೆಂದರೆ ಈ ಬಂಡೆಯೊಂದೇ ಅಲ್ಲ. ಅವರು ಕಾಡನ್ನು ‘ಎಲ್ಲೆ’ಗಳಾಗಿ ಎಣಿಸುತ್ತಾರೆ. ಪ್ರತಿ ಎಲ್ಲೆಗೂ ದೇವರು, ಮಾರಮ್ಮ, ವೀರು, ನೀರಿನ ಅಬ್ಬಿ ಇವೆ. ಜೊತೆಗೆ ಹಿರಿಯರು ಮಲಗಿರುವ ಕಲ್ಲುಗುಡಿ. ನಮಗೆ ಬರಿಯ ಬಂಡೆ ಕಂಡ ಕಡೆ ಅವರಿಗೆ ಅಜ್ಜನ ನೆಲೆ ಕಾಣುತ್ತದೆ.

1974ರಲ್ಲಿ ಈ ಕಾಡು ವನ್ಯಧಾಮವಾಯಿತು. ಬೇಸಾಯ ನಿಂತಿತು, ಬಹುಮಂದಿ ಹಳೆಯ ನೆಲೆ ಬಿಟ್ಟು ಬೇರೆ ಪೋಡುಗಳಿಗೆ ಬರಬೇಕಾಯಿತು. ಭಾವನು ಬೆಟ್ಟದ ಮೇಲೆಯೇ ಉಳಿದನು, ಹೆಣ್ಣು ಕೊಟ್ಟವರು ಹೊರಗಾದರು. 2011ರಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯಹಕ್ಕು ಕಾಯಿದೆಯಂತೆ ಸೋಲಿಗರ ಹಲವು ಗ್ರಾಮಸಭೆಗಳಿಗೆ ಸಮುದಾಯದ ಹಕ್ಕೂ ದೊರೆಯಿತು. ಜೇನು, ನೆಲ್ಲಿ, ಪಾಚಿ ತರುವ ಹಕ್ಕಿನ ಜೊತೆಗೆ ಕಲ್ಲುಗುಡಿಗೆ ನಡೆದು ಹೋಗುವ ದಾರಿಯೂ ತೆರೆದಿರಬೇಕು. ಹೋಗುವವರಿಲ್ಲದಿದ್ದರೆ ಹೆಸರು ಎರಡು ತಲೆಮಾರಿನಲ್ಲಿ ಅಳಿಯುತ್ತದೆ, ಕಲ್ಲು ಮಾತ್ರ ಉಳಿಯುತ್ತದೆ.

ನೀವು ಬೆಟ್ಟಕ್ಕೆ ಹೋದಾಗ ಗುಡಿಯಲ್ಲಿ ಕೈಮುಗಿದು ಹಿಂದಿರುಗಿಬಿಡಬೇಡಿ. ದಾರಿಯಲ್ಲಿ ಸೋಲಿಗ ಹಿರಿಯರೊಬ್ಬರು ಸಿಕ್ಕರೆ, ‘ಈ ಕಲ್ಲಿಗೆ ಏನನ್ನುತ್ತೀರಿ, ಅಜ್ಜಾ?’ ಎಂದು ಕೇಳಿ. ಮಕ್ಕಳು ಜೊತೆಯಲ್ಲಿದ್ದರೆ ಅವರಿಂದಲೇ ಕೇಳಿಸಿ.