ಹೂಳು ಹುಟ್ಟುವುದು ಹೊಲದಲ್ಲಿ



ತುಂಗಭದ್ರಾ ಜಲಾಶಯದ ಹೂಳಿನ ಬಗ್ಗೆ ನಿಮ್ಮ ಪತ್ರಗಳು ಬರುತ್ತಲೇ ಇವೆ. ಕಾಲುವೆಯ ಕೊನೆಭಾಗದ ರೈತರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಮಳೆಗಾಲದಲ್ಲಿ ಗೇಟು ಎತ್ತಿದಾಗ ಅಷ್ಟೊಂದು ನೀರು ಹೋಗುತ್ತದಲ್ಲ, ಅದರ ಜೊತೆ ಹೂಳನ್ನೂ ಯಾಕೆ ಸಾಗಹಾಕಬಾರದು? ಇಲ್ಲ, ಬೇಸಿಗೆಯಲ್ಲಿ ಯಾಕೆ ಎತ್ತಿಸಬಾರದು? ಈ ಆತಂಕ ನ್ಯಾಯವಾದದ್ದೇ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುವಂತಿದ್ದ ಜಲಾಶಯ, 2016ರ ಅಳತೆಯಂತೆ ಹಿಡಿಯುವುದು 105.8 ಮಾತ್ರ. ಉಳಿದ 27 ಟಿಎಂಸಿಯ ಜಾಗದಲ್ಲಿ ಮಣ್ಣು ಕೂತಿದೆ.

ಗೇಟಿನ ಮಾತು ಬೇಗ ಮುಗಿಸುತ್ತೇನೆ. ಆ 33 ಗೇಟುಗಳಿರುವುದು ಅಣೆಕಟ್ಟೆಯ ನೆತ್ತಿಯ ಮೇಲೆ. ಅವು ಬಿಡುವುದು ಮೇಲಿನ ನೀರನ್ನು. ಮೈಲುಗಟ್ಟಲೆ ಹರಡಿ, ತಳದಲ್ಲಿ ಬಿಗಿದು ಕೂತ ಮಣ್ಣು ಆ ಸೆಳೆತಕ್ಕೆ ಜಗ್ಗುವುದಿಲ್ಲ. ಇನ್ನು ಎತ್ತಿಸುವ ಲೆಕ್ಕ. 27 ಟಿಎಂಸಿ ಎಂದರೆ ಸುಮಾರು 76 ಕೋಟಿ ಘನ ಮೀಟರು. ಲಾರಿಗೆ 10 ಘನ ಮೀಟರಿನಂತೆ ದಿನಕ್ಕೆ ಸಾವಿರ ಲೋಡು ಸಾಗಿಸಿದರೂ 200 ವರ್ಷ ದಾಟುತ್ತದೆ. ಅಷ್ಟರಲ್ಲಿ ಹೊಸ ಹೂಳು ಬಂದಿರುತ್ತದೆ. ಆದ್ದರಿಂದ ಮೊದಲು ಕೇಳಬೇಕಾದದ್ದು, ಈ ಮಣ್ಣು ನೀರಿಗೆ ಬಂತು ಹೇಗೆ, ದಾರಿಯಲ್ಲೆಲ್ಲೂ ಕೂರದೆ ಇಷ್ಟು ದೂರ ಬಂತು ಹೇಗೆ ಎಂಬುದನ್ನು.

ಹುಡುಗನಾಗಿದ್ದಾಗ ನಾನು ಮೊದಲ ಮಳೆಯ ಹಳ್ಳದ ನೀರನ್ನು ಗಾಜಿನ ಸೀಸೆಯಲ್ಲಿ ಹಿಡಿದು ಕಿಟಕಿಯಲ್ಲಿಟ್ಟಿದ್ದೆ. ಮರಳು ಆಗಲೇ ತಳ ಕಂಡಿತು. ಮೂರನೆಯ ದಿನವೂ ನೀರು ಚಹಾದ ಬಣ್ಣದಲ್ಲೇ ಇತ್ತು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರು ಇಳಿಯಲು ಎರಡು ನಿಮಿಷ ಸಾಕು. ಮಿಲಿಮೀಟರಿನ ಐನೂರನೇ ಒಂದು ಭಾಗದಷ್ಟಿರುವ ಜೇಡಿಯ ಕಣಕ್ಕೆ ಒಂದು ಅಡಿ ಇಳಿಯಲು ಸರಿಸುಮಾರು ಒಂದು ದಿನ ಬೇಕು. ಅದೂ ನಿಂತ ನೀರಿನಲ್ಲಿ. ಹರಿಯುವ ನೀರಿನ ಸುಳಿಗಳು ಅದನ್ನು ಮತ್ತೆ ಮತ್ತೆ ಮೇಲೆತ್ತುತ್ತವೆ. ನಮ್ಮಜ್ಜಿ ಬಗ್ಗಡದ ಕೊಡದಲ್ಲಿ ಪಟಿಕ ಆಡಿಸುತ್ತಿದ್ದರು. ಒಂದನ್ನೊಂದು ದೂರ ತಳ್ಳುವ ಆ ಕಣಗಳನ್ನು ಪಟಿಕ ಕೂಡಿಸಿ ಭಾರ ಮಾಡುತ್ತದೆ. ಹೊಳೆಯಲ್ಲಿ ಹಾಗೆ ಕೂಡಿಸುವವರಿಲ್ಲ. ಜಲಾಶಯದಲ್ಲಿ ನೀರು ವಾರಗಟ್ಟಲೆ ನಿಂತಾಗಲೇ ಅವಕ್ಕೆ ಕೂರಲು ಪುರುಸೊತ್ತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊಳೆಯೇ ದಡ ಕೊರೆದು ಇಷ್ಟೂ ಮಣ್ಣು ತರುತ್ತದೆ ಎಂದು ನಂಬಿದವರು ಬಹಳ. ದಡ ಕುಸಿಯುವುದು ನಿಜ. ಆದರೆ ಬಯಲುಸೀಮೆಯಲ್ಲಿ ಸಣ್ಣ ಮಣ್ಣನ್ನು ಮೊದಲು ಕೀಳುವುದು ಮಳೆಯ ಹನಿ. ದಪ್ಪ ಹನಿ ನೆಲಕ್ಕೆ ಬೀಳುವ ವೇಗ ಸೆಕೆಂಡಿಗೆ ಸುಮಾರು 9 ಮೀಟರು. ಸುಣ್ಣ ಬಳಿದ ಗೋಡೆಯನ್ನು ಮೊದಲ ಮಳೆಯಾದ ಮೇಲೆ ನೋಡಿ. ಬುಡದಿಂದ ಮೊಳದೆತ್ತರಕ್ಕೆ ಕೆಂಪು ಚುಕ್ಕೆ. ಆ ಮಣ್ಣನ್ನು ಅಲ್ಲಿಗೆ ಹಾರಿಸಿದ್ದು ಹನಿ. ಗೋಡೆಯಿಲ್ಲದ ಹೊಲದಲ್ಲೂ ಇದೇ ನಡೆಯುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಸಿಡಿದ ಸಣ್ಣ ಕಣಗಳು ನೆಲದ ರಂಧ್ರಗಳನ್ನು ಮುಚ್ಚಿ ಹಕ್ಕಳೆಗಟ್ಟುತ್ತವೆ. ನೀರು ಇಂಗದು. ಇಂಗದ ನೀರು ಹರಿಯುತ್ತದೆ, ಸಿಡಿದ ಮಣ್ಣನ್ನು ಹೊತ್ತುಕೊಂಡೇ ಹರಿಯುತ್ತದೆ. ಮತ್ತೊಮ್ಮೆ ಹೇಳುತ್ತೇನೆ: ಹನಿ ಸಿಡಿಸುತ್ತದೆ, ನೆಲ ಮುಚ್ಚಿಕೊಳ್ಳುತ್ತದೆ, ನೀರು ಹೊತ್ತೊಯ್ಯುತ್ತದೆ. ಹೊಳೆ ಬರುವುದು ಆಮೇಲೆ.

"ಹೆಚ್ಚು ಮಳೆ, ಹೆಚ್ಚು ಹೂಳು" ಎಂಬ ಮಾತನ್ನೂ ಸಾಕಷ್ಟು ಕೇಳಿದ್ದೇನೆ. ಮಳೆಯನ್ನಷ್ಟೇ ನೋಡಿದರೆ ಇದು ತಪ್ಪು ಲೆಕ್ಕ. 1958ರಲ್ಲಿ ಲ್ಯಾಂಗ್‌ಬೀನ್ ಮತ್ತು ಶುಮ್ ಎಂಬ ವಿಜ್ಞಾನಿಗಳು ಅಮೆರಿಕದ ನದಿಗಳ ಅಳತೆಗಳನ್ನು ಒಟ್ಟುಮಾಡಿದರು. ಅತಿ ಹೆಚ್ಚು ಮಣ್ಣು ಬಂದದ್ದು ವರ್ಷಕ್ಕೆ ಸುಮಾರು 300 ಮಿಲಿಮೀಟರು ಮಳೆ ಬೀಳುವ ಅರೆಬರಡು ಸೀಮೆಯಿಂದ. ಅದಕ್ಕಿಂತ ಕಡಿಮೆಯಾದರೆ ಹೊತ್ತೊಯ್ಯಲು ನೀರಿಲ್ಲ. ಹೆಚ್ಚಾದರೆ ಹುಲ್ಲು, ಗಿಡಮರ ನೆಲವನ್ನು ಮುಚ್ಚುತ್ತವೆ. ಎಲ್ಲ ದೇಶಕ್ಕೂ ಅದೇ ಅಂಕಿ ಹೊಂದಬೇಕೆಂದಿಲ್ಲ, ಕಾರಣ ಮಾತ್ರ ಎಲ್ಲ ಕಡೆಗೂ ಒಂದೇ: ಹನಿಗೂ ಮಣ್ಣಿಗೂ ನಡುವೆ ಹಸಿರು ಇದೆಯೋ ಇಲ್ಲವೋ. ನಮ್ಮಲ್ಲಿ ಮುಂಗಾರಿನ ಮೊದಲ ಬಿರುಮಳೆಗಳು ಬೀಳುವುದು ಹರಗಿ ಬಿಟ್ಟ ಬೋಳು ಹೊಲದ ಮೇಲೆ. ಅದಕ್ಕೇ ಮೊದಲ ನೀರು ಅಷ್ಟು ದಟ್ಟ ಕೆಂಪು. ಅಷ್ಟೇ ನೀರು ಆಗಸ್ಟಿನಲ್ಲಿ ಬಂದರೆ ತಿಳಿಯಾಗಿರುತ್ತದೆ, ಏಕೆಂದರೆ ಸಡಿಲ ಮಣ್ಣು ಆಗಲೇ ಹೋಗಿದೆ, ಪೈರು ನೆಲವನ್ನು ಮುಚ್ಚಿದೆ. ಒಣಸೀಮೆಯ ಹಳ್ಳ ವರ್ಷವಿಡೀ ಸಾಗಿಸುವ ಮಣ್ಣಿನ ಬಹುಪಾಲು ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಕೆಲವೇ ಗಂಟೆಗಳಲ್ಲಿ ಹೋಗಿಬಿಡುತ್ತದೆ.

ಹನಿಯ ಮಾತಿನಲ್ಲೇ ವೇಳೆ ಬಹಳ ಹೋಯಿತು, ಉಪಾಯಗಳನ್ನು ಚುಟುಕಾಗಿ ಹೇಳುತ್ತೇನೆ. ಕೂಳೆಯನ್ನು ಸುಡಬೇಡಿ, ಮೊದಲ ಮಳೆಯವರೆಗಾದರೂ ನೆಲದ ಮೇಲಿರಲಿ. ಇಳಿಜಾರಿಗೆ ಅಡ್ಡವಾಗಿ ಉಳಿ, ಅಡ್ಡವಾಗಿಯೇ ಬಿತ್ತಿ. ಬದುವಿನ ಮೇಲೆ ಹುಲ್ಲು ಅಥವಾ ಲಾವಂಚ ಹಚ್ಚಿ. ಕೃಷಿಹೊಂಡದಲ್ಲಿ ಕೂತ ರೇವೆಯನ್ನು ಬೇಸಿಗೆಯಲ್ಲಿ ಹೊಲಕ್ಕೇ ಮರಳಿಸಿ.

ಇನ್ನೊಂದು ಕೆಲಸ ಖಂಡಿತ ಮಾಡಿ. ಈ ಮುಂಗಾರಿನ ಮೊದಲ ಜೋರು ಮಳೆಗೆ ನಿಮ್ಮ ಹೊಲದಿಂದ ಹೊರಬೀಳುವ ನೀರನ್ನು ಒಂದು ಸೀಸೆಯಲ್ಲಿ ಹಿಡಿದು ವಾರವಿಡೀ ಅಲುಗಾಡಿಸದೆ ಇಡಿ. ತಳದಲ್ಲಿ ಕೂತದ್ದನ್ನು ಬೆರಳಿನಿಂದ ಅಳೆಯಿರಿ. ಅಣೆಕಟ್ಟೆಯ ಹೂಳನ್ನು ನೋಡಲು ಹೊಸಪೇಟೆಗೆ ಹೋಗಬೇಕಾಗಿಲ್ಲ, ಅದು ನಿಮ್ಮ ಕಿಟಕಿಯಲ್ಲೇ ಇರುತ್ತದೆ.