ಚಂದ್ರನಿಗೆ ಹೋಗಿ ಬಂದ ನಾಯಿ



ಮನೆಯಿಂದ ಹೊರಡುವಾಗ ನಾವು ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಬಾಯಿ ತಪ್ಪಿ ಅಂದರೆ ಹಿರಿಯರು ಅಲ್ಲೇ ತಿದ್ದುತ್ತಾರೆ, ‘ಹೋಗಿ ಬರ್ತೀನಿ ಅನ್ನು’ ಅಂತ. ಕೋಲ್ಕತ್ತಾದ ನಮ್ಮ ಬಂಗಾಳಿ ನೆರೆಹೊರೆಯವರು ಇನ್ನೂ ಒಂದು ಹೆಜ್ಜೆ ಮುಂದೆ. ಹೋಗುವ ಮಾತನ್ನೇ ಬಿಟ್ಟು ‘ಆಶಿ’, ಅಂದರೆ ‘ಬರ್ತೀನಿ’ ಎಂದೇ ಹೊರಡುತ್ತಾರೆ. ಹೀಗೆ ಹೇಳಿ ಹೋಗಿ, ಹೇಳಿದಂತೆ ಬಂದ ಒಂದು ನಾಯಿಯ ಕಾರ್ಟೂನ್ ಬಗ್ಗೆ ಇವತ್ತು ನಾಲ್ಕು ಮಾತು. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಹತ್ತಿರ ಕರೆದುಕೊಳ್ಳಿ.

ಚಿತ್ರದ ಹೆಸರು ‘ಎ ಗ್ರ್ಯಾಂಡ್ ಡೇ ಔಟ್’. ಬ್ರಿಟನ್ನಿನ ನಿಕ್ ಪಾರ್ಕ್ ಸಿನಿಮಾ ಶಾಲೆಯ ವಿದ್ಯಾರ್ಥಿಯಾಗಿದ್ದಾಗ, 1982ರಲ್ಲಿ, ಇದನ್ನು ಶುರು ಮಾಡಿದರು. ಮುಗಿದದ್ದು 1989ರಲ್ಲಿ. ಟಿ.ವಿ.ಯಲ್ಲಿ ಬಂದದ್ದು 1990ರ ಕ್ರಿಸ್‌ಮಸ್ ಹಿಂದಿನ ದಿನ, ಅಲ್ಲಿನ ಚಾನೆಲ್ ಫೋರ್‌ನಲ್ಲಿ. ಚಿತ್ರದ ಉದ್ದ ಬರೀ 23 ನಿಮಿಷ, ಹಿಡಿದ ಕಾಲ ಏಳು ವರ್ಷ! ಜೇಡಿಮಣ್ಣಿನಂಥ ಮೆತ್ತನೆಯ ಪ್ಲಾಸ್ಟಿಸಿನ್ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ, ಒಂದು ಚಿತ್ರ ತೆಗೆದು, ಮತ್ತೆ ಸರಿಸಿ, ಮತ್ತೊಂದು ತೆಗೆದು ಮಾಡಿದ ಕೆಲಸ. ನಮ್ಮಲ್ಲಿ ಗಣೇಶನನ್ನು ತಿದ್ದುವವರಿಗೆ ಈ ತಾಳ್ಮೆ ಅರ್ಥವಾದೀತು.

ಕಥೆ ತೀರಾ ಸಣ್ಣದು. ರಜೆಯ ದಿನ. ವಾಲೇಸ್ ಎಂಬ ಬೋಳುತಲೆಯ ಸಾಧು ಮನುಷ್ಯ, ಅವನ ನಾಯಿ ಗ್ರಾಮಿಟ್. ಮನೆಯಲ್ಲಿ ಚೀಸ್ ಖಾಲಿ. ಚಂದ್ರ ಪೂರ್ತಿ ಚೀಸ್‌ನಿಂದಲೇ ಆಗಿದ್ದಾನಲ್ಲ, ಅಲ್ಲಿಗೇ ಹೋಗೋಣ ಎಂದು ಇಬ್ಬರೂ ನೆಲಮಾಳಿಗೆಯಲ್ಲಿ ರಾಕೆಟ್ ಕಟ್ಟುತ್ತಾರೆ. ಮನೆಯ ಇಲಿಗಳು ಕಪ್ಪು ಕನ್ನಡಕ ಹಾಕಿಕೊಂಡು ಉಡಾವಣೆ ನೋಡಲು ಸಾಲಾಗಿ ನಿಲ್ಲುತ್ತವೆ. ಬತ್ತಿ ಹೊತ್ತಿಕೊಂಡ ಮೇಲೆ ವಾಲೇಸ್‌ಗೆ ಬಿಸ್ಕತ್ತು ಮರೆತದ್ದು ನೆನಪಾಗಿ ವಾಪಸು ಓಡುತ್ತಾನೆ. ಚಂದ್ರನ ಮೇಲೆ ಕಾಸು ಹಾಕಿದರೆ ಓಡಾಡುವ ಒಂದು ಒಲೆ ಇದೆ, ಅದಕ್ಕೆ ಹಿಮದ ಮೇಲೆ ಜಾರುವ ಆಸೆ. ಮುಂದಿನದನ್ನು ನಾನು ಹೇಳುವುದಿಲ್ಲ.

ಗ್ರಾಮಿಟ್‌ಗೆ ಬಾಯಿಯೇ ಇಲ್ಲ. ಒಂದು ಮಾತೂ ಆಡುವುದಿಲ್ಲ. ಹುಬ್ಬು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಅಷ್ಟೇ. ಆದರೂ ಆ ಮನೆಯಲ್ಲಿ ಬುದ್ಧಿ ಇರುವವನು ಅವನೇ ಎಂದು ಎರಡು ನಿಮಿಷದಲ್ಲಿ ಮಗುವಿಗೂ ತಿಳಿಯುತ್ತದೆ. ಅವನು ತಾನಾಗಿ ಹೋದವನು. ಅವನಿಗೂ ರಾಕೆಟ್‌ನಲ್ಲಿ ಒಂದು ಕುರ್ಚಿ ಇದೆ.

ಇದೇ ನಿಕ್ ಪಾರ್ಕ್ ಅದೇ 1989ರಲ್ಲಿ ‘ಕ್ರೀಚರ್ ಕಂಫರ್ಟ್ಸ್’ ಎಂಬ ಐದು ನಿಮಿಷದ ಇನ್ನೊಂದು ಚಿತ್ರವನ್ನೂ ಮಾಡಿದರು. ಅದರಲ್ಲಿ ಮೃಗಾಲಯದ ಪ್ರಾಣಿಗಳು ತಮ್ಮ ವಸತಿಯ ಬಗ್ಗೆ ಸಂದರ್ಶನ ಕೊಡುತ್ತವೆ. ದನಿ ಮಾತ್ರ ನಟರದ್ದಲ್ಲ, ಮನೆ ಮಠದ ಬಗ್ಗೆ ಮಾತಾಡಿದ ನಿಜವಾದ ಜನರದ್ದು. ಬ್ರೆಜಿಲ್‌ನಿಂದ ಬಂದ ಒಬ್ಬ ವಿದ್ಯಾರ್ಥಿಯ ದನಿಯನ್ನು ಅಲ್ಲಿನ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿಯೊಂದಕ್ಕೆ ಕೊಟ್ಟಿದ್ದಾರೆ. ಇಲ್ಲಿ ಚಳಿ, ಊಟ ಸರಿಯಿಲ್ಲ, ನಮಗೆ ಸ್ಪೇಸ್ ಬೇಕು ಎಂಬುದು ಅದರ ಗೋಳು. ಊರು ಬಿಟ್ಟು ಬಂದ ನಮಗೆ ಇದು ಕೇಳಿದ ಮಾತಿನಂತೆ ಇಲ್ಲವೇ? ಎರಡೂ ಚಿತ್ರಗಳು ಒಂದೇ ಆಸ್ಕರ್‌ಗೆ ಪೈಪೋಟಿಗಿಳಿದವು. 1991ರಲ್ಲಿ ಗೆದ್ದದ್ದು ಚಂದ್ರನಿಗೆ ಹೋದ ನಾಯಿಯಲ್ಲ, ಪಂಜರದಲ್ಲಿ ಉಳಿದವರು.

ಮೃಗಾಲಯ ಎಂದಾಗ ಗಾರ್ಡನ್ ರೀಚ್‌ನ ಕೇಳುಗರಿಗೆ ತಮ್ಮ ಬೀದಿಯೇ ನೆನಪಾಗಬೇಕು. ಇಂದು ಅಲ್ಲಿ ಆಗ್ನೇಯ ರೈಲ್ವೆಯ ಕೇಂದ್ರ ಕಚೇರಿ, ಹಡಗು ಕಟ್ಟುವ ಕಾರ್ಖಾನೆ. ರಾಜ್ಯ ಕಳೆದುಕೊಂಡ ಅವಧದ ನವಾಬ ವಾಜಿದ್ ಅಲಿ ಶಾ 1856ರಲ್ಲಿ ಅಲ್ಲಿಗೆ ಬಂದಿಳಿದ. ಲಂಡನ್ನಿಗೆ ಹೋಗಿ ದೂರು ಹೇಳುವ ಯೋಚನೆ ಅವನದು. ಹೋದದ್ದು ತಾಯಿ. ಆಕೆ 1858ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಳು. ಇವನು ಲಖನೌಗೆ ಮರಳಲೇ ಇಲ್ಲ. ಮಟಿಯಾಬುರ್ಜ್‌ನಲ್ಲಿ ಒಂದು ಪುಟ್ಟ ಲಖನೌ ಕಟ್ಟಿಕೊಂಡು, ಹುಲಿ, ಜಿಂಕೆ, ಸಾವಿರಾರು ಪಾರಿವಾಳ, ಹಾವುಗಳಿಗೇ ಒಂದು ಕೃತಕ ಗುಡ್ಡ, ಎಲ್ಲ ಸಾಕಿದ. ತಾನೇ ಸೆರೆಯಂತೆ ಇದ್ದವನಿಗೆ ಇಷ್ಟೊಂದು ಪ್ರಾಣಿಗಳನ್ನು ಸೆರೆಯಲ್ಲಿಡುವ ಆಸೆ ಏಕೆ ಬಂತೋ! 1887ರಲ್ಲಿ ಅವನು ತೀರಿಕೊಂಡ ಮೇಲೆ ಅವೆಲ್ಲ ಚೆಲ್ಲಾಪಿಲ್ಲಿಯಾದವು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಗ್ರಾಮಿಟ್‌ನನ್ನು ನೋಡಿ ನಕ್ಕ ಮಗು ಮಲಗುವ ಮುಂಚೆ ಕೇಳುತ್ತದೆ: ‘ನಿಜವಾಗ್ಲೂ ನಾಯಿ ಆಕಾಶಕ್ಕೆ ಹೋಗಿತ್ತಾ? ವಾಪಸು ಬಂತಾ?’

ಹೋಗಿತ್ತು. ಹೆಸರು ಲೈಕಾ. ಮಾಸ್ಕೋದ ಬೀದಿನಾಯಿ. 1957ರ ನವೆಂಬರ್ 3ರಂದು ಸೋವಿಯತ್ ಒಕ್ಕೂಟ ಅದನ್ನು ಸ್ಪುಟ್ನಿಕ್-2ರಲ್ಲಿ ಕೂಡಿಸಿ ಹಾರಿಸಿತು. ಹೊರಡುವ ಮೊದಲು ವಿಜ್ಞಾನಿ ವ್ಲಾದಿಮಿರ್ ಯಾಜ್ದೋವ್‌ಸ್ಕಿ ಅದನ್ನು ಮನೆಗೆ ಕರೆದುಕೊಂಡು ಹೋಗಿ ತಮ್ಮ ಮಕ್ಕಳ ಜೊತೆ ಆಡಲು ಬಿಟ್ಟರಂತೆ. ಏಕೆಂದರೆ ಆ ನೌಕೆಯಲ್ಲಿ ಮರಳಿ ಬರುವ ಏರ್ಪಾಟೇ ಇರಲಿಲ್ಲ. ಅದು ಕೆಲವು ದಿನ ಬದುಕಿತ್ತು, ನೋವಿಲ್ಲದೆ ಸತ್ತಿತು ಎಂದೇ ಲೋಕ ಬಹುಕಾಲ ನಂಬಿತ್ತು. ನಿಜ ಹೊರಬಿದ್ದದ್ದು 2002ರಲ್ಲಿ. ಕೆಲವೇ ಗಂಟೆಗಳಲ್ಲಿ, ನೌಕೆಯ ಒಳಗಿನ ಸೆಕೆಗೆ ಅದು ಸತ್ತಿತ್ತು. ಆಮೇಲೆ ಐದು ತಿಂಗಳು ಸತ್ತ ನಾಯಿಯನ್ನು ಹೊತ್ತು ನೌಕೆ ಭೂಮಿಯನ್ನು ಸುತ್ತಿ, 1958ರ ಏಪ್ರಿಲ್‌ನಲ್ಲಿ ಉರಿದುಹೋಯಿತು.

ಮಗುವಿಗೆ ಇದನ್ನು ಹೇಳಬೇಕೇ? ಹೇಳಬೇಕು ಅನ್ನುವವನು ನಾನು. ಸೆಕೆಯ ವಿವರ ಬೇಡ, ಆದರೆ ‘ಬರಲಿಲ್ಲ ಪುಟ್ಟ’ ಎಂಬ ಮಾತು ಬೇಕು. ನಾವೇನು ಪುಣ್ಯಕೋಟಿಯ ಕಥೆ ಹೇಳುವಾಗ ಕರುವಿನ ಅಳುವನ್ನು ನುಂಗಿಬಿಡುತ್ತೇವೆಯೇ? ಆ ಹಸು ಹುಲಿಗೆ ಮಾತು ಕೊಟ್ಟು ಮನೆಗೆ ಹೋಗಿ ಬಂದದ್ದಕ್ಕೇ ಕಥೆಯಾಯಿತು. ಲೈಕಾಗೆ ಮಾತು ಕೊಡುವ ಅವಕಾಶವೂ ಇರಲಿಲ್ಲ, ಅದಕ್ಕೆ ಮಾತು ಕೊಟ್ಟವರೂ ಇರಲಿಲ್ಲ. ಮಗು ಅತ್ತರೆ ಮುಂದಿನದನ್ನೂ ಹೇಳಿ. 1960ರ ಆಗಸ್ಟ್‌ನಲ್ಲಿ ಬೆಲ್ಕಾ, ಸ್ಟ್ರೆಲ್ಕಾ ಎಂಬ ಎರಡು ನಾಯಿಗಳು ಒಂದು ಮೊಲ, ಹತ್ತಾರು ಇಲಿಗಳ ಸಮೇತ ಭೂಮಿ ಸುತ್ತಿ ಸುಖವಾಗಿ ಇಳಿದವು. ಸ್ಟ್ರೆಲ್ಕಾ ಮರಿ ಹಾಕಿತು. ಒಂದು ಮರಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮನೆಗೆ ಉಡುಗೊರೆಯಾಗಿ ಹೋಯಿತು.

ಇದಾದ ಮರುವರ್ಷವೇ, 1961ರಲ್ಲಿ, ಕೋಲ್ಕತ್ತಾದ ‘ಸಂದೇಶ್’ ಮಕ್ಕಳ ಪತ್ರಿಕೆಯಲ್ಲಿ ಸತ್ಯಜಿತ್ ರಾಯ್ ಅವರ ಪ್ರೊಫೆಸರ್ ಶಂಕು ರಾಕೆಟ್ ಏರಿದರು. ಜೊತೆಗೆ ನ್ಯೂಟನ್ ಎಂಬ ಬೆಕ್ಕು. ಬಂಗಾಳಿ ಬೆಕ್ಕಲ್ಲವೇ, ದಾರಿಗೆ ಮೀನಿನ ಮಾತ್ರೆಯನ್ನೂ ಪ್ರೊಫೆಸರರು ಮಾಡಿಕೊಟ್ಟಿದ್ದರು! ನಿಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ ಬಂಗಾಳಿ ಕಲಿಯುತ್ತಿದ್ದರೆ ಅವರಿಂದಲೇ ಓದಿಸಿ ಕೇಳಿ.

ನಮ್ಮ ಬೆಂಗಳೂರಿನ ಇಸ್ರೋ ಗಗನಯಾನದ ಪರೀಕ್ಷಾ ಹಾರಾಟಕ್ಕೆ ಪ್ರಾಣಿಯನ್ನು ಆರಿಸಲಿಲ್ಲ. ವ್ಯೋಮಮಿತ್ರ ಎಂಬ ಯಂತ್ರಮಾನವಿಯನ್ನು ಮಾಡಿ 2020ರಲ್ಲಿ ತೋರಿಸಿತು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಇಸ್ರೋದ ಪ್ರಯೋಗಕ್ಕಾಗಿ ಜೊತೆಗೆ ಹೋದದ್ದು ಟಾರ್ಡಿಗ್ರೇಡ್‌ಗಳು. ಮಿಲಿಮೀಟರ್‌ಗೂ ಚಿಕ್ಕದಾದ ಎಂಟು ಕಾಲಿನ ಜೀವಿ, ನೀರುಕರಡಿ ಅಂತಲೂ ಕರೆಯಬಹುದು. ಜೊತೆಗೆ ಒಂದು ಹಂಸವೂ ಇತ್ತು. ಮೆತ್ತನೆಯ ಬೊಂಬೆ, ಹೆಸರು ಜಾಯ್. ಅದು ಗಾಳಿಯಲ್ಲಿ ತೇಲಿದರೆ ಭಾರವಿಲ್ಲದ ಸ್ಥಿತಿ ಬಂತು ಎಂದು ಲೆಕ್ಕ. ಭಾರತೀಯ ಸಂಸ್ಕೃತಿಯಲ್ಲಿ ಹಂಸ ವಿವೇಕದ ಸಂಕೇತ ಎಂದು ಶುಕ್ಲಾ ಅಲ್ಲಿಂದಲೇ ಲೋಕಕ್ಕೆ ವಿವರಿಸಿದರು. ಜುಲೈ 15ರಂದು ಅವರು ಮರಳಿ ಬಂದರು.

ಈ ಭಾನುವಾರ 23 ನಿಮಿಷ ಬಿಡುವು ಮಾಡಿಕೊಂಡು ಮಕ್ಕಳ ಜೊತೆ ಗ್ರಾಮಿಟ್‌ನನ್ನು ನೋಡಿ. ಬಿಸ್ಕತ್ತಿನ ಡಬ್ಬಿ ಪಕ್ಕದಲ್ಲೇ ಇರಲಿ, ನಡುವೆ ಎದ್ದು ಓಡುವಂತಾಗಬಾರದು.